ನಕಲಿ ಲೀಜನ್‌ಗಳಲ್ಲಿ ಯಾವ್ದು ಗಟ್ಟಿ: ಸಿಲ್ವರ್ ಶೀಲ್ಡಾ, ಆರ್ಮೇನಿಯಾದ್ದಾ, ನುಮಿಡಿಯಾದ್ದಾ?

ಮರದಕತ್ತಿ:
ಹಳೇ ರೋಮ್ ಟೋಟಲ್ ವಾರ್ ಗೇಮು, ಅದೇ 2004ರದ್ದು, ಮತ್ತೆ ಇನ್‌ಸ್ಟಾಲ್ ಮಾಡ್ಕೊಂಡಿದೀನಿ. ರೀಮಾಸ್ಟರ್ಡ್ ಅಲ್ಲ, ನನ್ ಲ್ಯಾಪ್‌ಟಾಪು ಅದನ್ನ ಓಪನ್ ಮಾಡಿದ್ರೆ ಕುಕ್ಕರ್ ಥರ ಸೀಟಿ ಹೊಡೆಯುತ್ತೆ. ಜೂಲಿಯೈ, ಬ್ರೂಟೈ, ಸಿಪಿಯೋ ಮೂರೂ ರೋಮನ್ ಮನೆತನಗಳನ್ನ ಆಡಿ ಆಡಿ ಸಾಕಾಗಿದೆ, ಅದಕ್ಕೆ ಈ ಸಲ ರೋಮನ್ನರನ್ನ ಬಿಟ್ಟು ರೋಮನ್ನರ ಹಾಗೆ ವೇಷ ಹಾಕ್ಕೊಂಡಿರೋರನ್ನ ಹಿಡ್ಕೊಳೋಣ ಅನ್ನಿಸ್ತು. ಲೀಜನ್ ಅಂದ್ರೆ ರೋಮನ್ನರ ಕಾಲಾಳು ದಳ, ಲೀಜನರಿ ಅಂದ್ರೆ ಅದರ ಸೈನಿಕ, ಅದರ ನಕಲು ಮಾಡೋರು ಗೇಮ್‌ನಲ್ಲಿ ಮೂರು ಜನ ಇದಾರೆ. ಸೆಲ್ಯೂಸಿಡ್‌ಗಳ (ಅಲೆಕ್ಸಾಂಡರ್ ಆದ್ಮೇಲೆ ಸಿರಿಯಾ ಕಡೆ ಆಳಿದ ಗ್ರೀಕ್ ರಾಜವಂಶ) ಸಿಲ್ವರ್ ಶೀಲ್ಡ್ ಲೀಜನರೀಸ್, ಆರ್ಮೇನಿಯಾದ ಲೀಜನರೀಸ್, ನುಮಿಡಿಯಾದ ಲೀಜನರೀಸ್. ಮೂರಕ್ಕೂ ದೊಡ್ಡ ಗುರಾಣಿ, ಗಿಡ್ಡ ಕತ್ತಿ, ಮೈಮೇಲೆ ಬೀಳೋ ಮುಂಚೆ ಎಸೆಯೋಕೆ ಈಟಿ.

ನಿನ್ನೆ ರಾತ್ರಿ ಊಟ ಆದ್ಮೇಲೆ ಕೂತ್ಕೊಂಡು ಟೆಸ್ಟ್ ಮಾಡ್ದೆ. ಕಸ್ಟಮ್ ಬ್ಯಾಟಲ್, ಗುಡ್ಡ ಮರ ಏನೂ ಇಲ್ದಿರೋ ಬಯಲು, ಒಂದಕ್ಕೆ ಒಂದು ಯೂನಿಟ್ಟು, ಎದುರಿಗೆ ಪ್ರತಿ ಸಲ ಅದೇ ಅರ್ಲಿ ಲೀಜನರಿ ಕೋಹಾರ್ಟ್, ಅಂದ್ರೆ ಅಸಲಿ ರೋಮನ್ ಯೂನಿಟ್ಟು (ಕೋಹಾರ್ಟ್ ಅಂದ್ರೆ ಲೀಜನ್‌ನ ಒಂದು ತುಂಡು). ಡಿಫಿಕಲ್ಟಿ ಮೀಡಿಯಂ, ಯಾಕಂದ್ರೆ ಹಾರ್ಡ್ ಇಟ್ರೆ ಕಂಪ್ಯೂಟರ್ ಕಡೆಯೋರಿಗೆ ಸುಮ್ಸುಮ್ನೆ ಬೋನಸ್ ಸಿಗುತ್ತೆ, ಅದು ಹೋಲಿಕೆ ಆಗಲ್ಲ. ಸಿಲ್ವರ್ ಶೀಲ್ಡ್‌ನೋರು ಹೆಚ್ಚೂಕಮ್ಮಿ ಸಮಸಮ, ಕೆಲವು ಸಲ ಗೆದ್ದೂ ಬಿಟ್ರು. ಆರ್ಮೇನಿಯಾದೋರು ಪರ್ವಾಗಿಲ್ಲ ಅನ್ನೋಷ್ಟು ಹೊತ್ತು ನಿಂತು ಆಮೇಲೆ ಬಿಳಿ ಬಾವುಟ, ಅಂದ್ರೆ ಓಟ. ನುಮಿಡಿಯಾದೋರು ಪಾಪ.

ಹಾಗಾದ್ರೆ ಸಿಲ್ವರ್ ಶೀಲ್ಡೇ ಬೆಸ್ಟು ಅಂತ ಮುಗಿಸಿಬಿಡ್ಬೋದಾ? ಏನೋ ತಪ್ಪಾಗ್ತಿದೆ ಅನ್ನಿಸ್ತಿದೆ, ಏನು ಅಂತ ಗೊತ್ತಾಗ್ತಿಲ್ಲ.

ಕಡಕ್‌ರೊಟ್ಟಿ:
ತಪ್ಪು ಎಲ್ಲಿ ಅಂದ್ರ ಬಯಲಾಗ ಒಂದಕ್ಕೊಂದು ಜಗಳಾ ಹಚ್ಚೀರಿ ನೋಡ್ರಿ, ಅಲ್ಲೇ. ಇದೇನ್ ಹುಂಜದ ಕಾಳಗ ಏನ್ರಿ? ಕ್ಯಾಂಪೇನ್‌ದಾಗ (ಇಡೀ ರಾಜ್ಯ ಕಟ್ಟೂ ಆಟ) ಯಾವ ಯೂನಿಟ್ಟೂ ಒಬ್ಬಂಟಿ ಇರಂಗಿಲ್ಲ. ಸೆಲ್ಯೂಸಿಡ್ ಹತ್ರ ಏನಿಲ್ಲ ಹೇಳ್ರಿ? ಆನಿ ಅದಾವ, ಕ್ಯಾಟಫ್ರಾಕ್ಟ್ (ಮೈತುಂಬ ಕವಚದ ಕುದುರಿ ದಂಡು) ಅದಾವ, ಕುಡುಗೋಲು ಕಟ್ಟಿದ ರಥ ಅದಾವ, ಕಂಪ್ಯಾನಿಯನ್ ಕ್ಯಾವಲ್ರಿ ಐತಿ, ಸಿಲ್ವರ್ ಶೀಲ್ಡ್ ಪೈಕ್‌ಮನ್ (ಉದ್ದನ ಭರ್ಚಿ ಹಿಡದಾವ್ರು) ಅದಾರ. ಅಂಥಾ ಮನಿಗೆ ಮತ್ತೊಂದು ಲೀಜನ್ ಬಂತಂದ್ರ ಹೋಳಿಗಿ ಊಟಕ್ಕ ಮ್ಯಾಲೊಂದು ಜಿಲೇಬಿ ಇಟ್ಟಂಗ. ಪೈಕ್ ಸಾಲಿನ ಎರಡೂ ತುದೀಗೆ ನಿಲ್ಲಸ್ತೀರಿ, ಪಕ್ಕದಿಂದ ಯಾರೂ ನುಗ್ಗದಂಗ, ಅಷ್ಟ.

ಆರ್ಮೇನಿಯಾ ನೋಡ್ರಿ. ಅವರ ಕಾಲಾಳು ಅಂದ್ರ ಈಸ್ಟರ್ನ್ ಇನ್‌ಫಂಟ್ರಿ, ಹಿಲ್‌ಮನ್, ಹೆವಿ ಸ್ಪಿಯರ್‌ಮನ್. ಮೊದಲಿನ ಎರಡು ಇದ್ರೂ ಅಷ್ಟ, ಇಲ್ದಿದ್ರೂ ಅಷ್ಟ. ಕುದುರಿ ಮಾತ್ರ ಒಂದನೇ ನಂಬರ್, ಕ್ಯಾಟಫ್ರಾಕ್ಟು, ಹಾರ್ಸ್ ಆರ್ಚರ್ರು, ಅದರ ಮ್ಯಾಲ ಕ್ಯಾಟಫ್ರಾಕ್ಟ್ ಆರ್ಚರ್ ಅನ್ನೋ ರಾಕ್ಷಸ ಬ್ಯಾರೆ. ಇವರಿಗೆ ಬೇಕಾಗಿದ್ದು ಒಂದೇ, ನಟ್ಟನಡುವ ಕದಲದಂಗ ನಿಂತು ವೈರಿಯನ್ನ ಹಿಡದಿಡೋ ಮಂದಿ. ಅವರು ಗೆಲ್ಲೂದು ಬ್ಯಾಡ. ನಾಲ್ಕು ನಿಮಿಷ ನಿಂತ್ರ ಸಾಕು, ಅಷ್ಟರಾಗ ಕ್ಯಾಟಫ್ರಾಕ್ಟ್ ಹಿಂದಿನಿಂದ ಬಂದು ಎಲ್ಲಾ ಉರುಳಿಸಿ ಬಿಡ್ತಾವ. ನನ್ನ ಓಟು ಆರ್ಮೇನಿಯಾಕ್ಕ.

ಬೂತಾಯಿಫ್ರೈ:
ನಾನು ಎಂತ ಹೇಳುದು ಅಂದ್ರೆ ಮಾರಾಯ್ರೆ, ನಾಲ್ಕು ನಿಮಿಷ ನಿಲ್ಲುದೇ ಕೆಲಸ ಅಂತಾದ್ರೆ ಅದನ್ನು ಹೆವಿ ಸ್ಪಿಯರ್‌ಮನ್ ಕೂಡ ಮಾಡ್ತದಲ್ಲ, ಗಾರ್ಡ್ ಮೋಡ್ (ಜಾಗ ಬಿಡದೆ ನಿಲ್ಲುದು) ಹಾಕಿ ಬಿಟ್ರೆ ಆಯ್ತು. ಮತ್ತೆ ಈ ಲೀಜನರಿ ಎಂತಕ್ಕೆ? ಊರು ದೊಡ್ಡದಾಗುವವರೆಗೆ ಸಿಗುದೂ ಇಲ್ಲ. ಅದು ಬರುವ ಹೊತ್ತಿಗೆ ನನ್ನ ಕ್ಯಾಂಪೇನ್ ಅರ್ಧ ಮುಗ್ದಿರ್ತದೆ.

ಕಡಕ್‌ರೊಟ್ಟಿ:
ಸ್ಪಿಯರ್ ಹಿಡದಾಂವ ಕುದುರೀಗೆ ಚಲೋ, ಕತ್ತಿ ಹಿಡದ ರೋಮನ್ ಕಾಲಾಳಿಗೆ ಅಲ್ರಿ. ಹೆವಿ ಸ್ಪಿಯರ್‌ಮನ್‌ನ ಕೋಹಾರ್ಟ್ ಮುಂದ ಇಟ್ಟು ನೋಡ್ರಿ, ಸೌತಿಕಾಯಿ ಹೆಚ್ಚಿದಂಗ ಹೆಚ್ಚತಾರ. ಮತ್ತ ಆ ಪೈಲಮ್ (ಎಸಿಯೂ ಈಟಿ) ಮರೀಬ್ಯಾಡ್ರಿ. ಎರಡೇ ಎರಡು ಸಲ ಎಸೀತಾರ ಖರೆ, ಆದ್ರ ಎದುರಿನಾಂವ ಓಡಿ ಬರೂ ಹೊತ್ತಿನ್ಯಾಗ ಬಿತ್ತಂದ್ರ ಅವನ ಮೊದಲನೇ ಸಾಲು ಅಲ್ಲೇ ಮಕ್ಕೊಂತತಿ.

ಹೊಸಬ92:
ಒಂದು ಡೌಟು. ನನ್ ಲೀಜನರಿಗಳು ಪೈಲಮ್ ಎಸೆಯೋದೇ ಇಲ್ಲ, ಸೀದಾ ಕತ್ತಿ ಹಿಡ್ಕೊಂಡು ನುಗ್ತಾರೆ. ಬಗ್ಗಾ ಇದು?

ಮರದಕತ್ತಿ:
ಆಲ್ಟ್ ಒತ್ಕೊಂಡು ಅಟ್ಯಾಕ್ ಕ್ಲಿಕ್ ಮಾಡ್ತಿದೀಯ ನೋಡು. ಆಲ್ಟ್ ಅಂದ್ರೆ ಎಸೆಯೋದು ಬಿಟ್ಟು ಕೈಯಲ್ಲಿರೋ ಕತ್ತೀಲಿ ಹೊಡಿ ಅಂತ ಅರ್ಥ. ಬರೀ ರೈಟ್ ಕ್ಲಿಕ್ ಮಾಡು. ಅದಕ್ಕಿಂತ ಚೆನ್ನಾಗಿರೋದು ನೀನು ಅಟ್ಯಾಕೇ ಮಾಡ್ದೆ ಫೈರ್ ಅಟ್ ವಿಲ್ ಆನ್ ಇಟ್ಟು ಸುಮ್ನೆ ನಿಲ್ಲಿಸೋದು, ಎದುರಿನೋರು ಹತ್ರ ಬಂದಾಗ ಅವ್ರೇ ಎಸೀತಾರೆ, ಆಮೇಲೆ ಚಾರ್ಜ್ ಕೊಡು.

ಹೊಸಬ92:
ಓ ಅದೇ ಇರ್ಬೇಕು. ಇಷ್ಟು ದಿನ ಆಲ್ಟ್ ಒತ್ತಿದ್ರೆ ಜಾಸ್ತಿ ಜೋರಾಗಿ ಹೊಡೀತಾರೆ ಅನ್ಕೊಂಡಿದ್ದೆ 😅

ರಾತ್ರಿಪಾಳಿ:
ನೈಟ್ ಶಿಫ್ಟು, ಟಿಕೆಟ್ ಒಂದೂ ಬರ್ತಿಲ್ಲ, ಅದಕ್ಕೆ ಉದ್ದಕ್ಕೆ ಬರೀತೀನಿ, ಬೇಡ ಅಂದ್ರೆ ಸ್ಕ್ರಾಲ್ ಮಾಡ್ಕೊಂಡು ಹೋಗಿ.

ಈ ಮೂರು ಯೂನಿಟ್ಟಿನ ಹಿಂದಿನ ಇತಿಹಾಸ ಒಂದೇ ತೂಕದ್ದಲ್ಲ. ಸೆಲ್ಯೂಸಿಡ್‌ದು ಪಕ್ಕಾ. ಕ್ರಿ.ಪೂ. 166ರಲ್ಲಿ ಸೆಲ್ಯೂಸಿಡ್ ರಾಜ ನಾಲ್ಕನೇ ಆಂಟಿಯೋಕಸ್ ತನ್ನ ರಾಜಧಾನಿ ಆಂಟಿಯೋಕ್ ಪಕ್ಕದ ದಾಫ್ನೆಯಲ್ಲಿ ದೊಡ್ಡ ಮೆರವಣಿಗೆ ಮಾಡ್ದ, ಅದರ ವಿವರ ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಕೊಟ್ಟಿದಾನೆ. ಎಲ್ಲರಿಗಿಂತ ಮುಂದೆ ನಡೆದಿದ್ದು 5,000 ಜನ ಹರೆಯದ ಹುಡುಗರು, ರೋಮನ್ ಥರ ಆಯುಧ, ಮೈಮೇಲೆ ಕಬ್ಬಿಣದ ಬಳೆ ಹೆಣೆದ ಅಂಗಿ. ಈ ಆಂಟಿಯೋಕಸ್ ಚಿಕ್ಕ ವಯಸ್ಸಲ್ಲಿ ರೋಮ್‌ನಲ್ಲಿ ಒತ್ತೆಯಾಳಾಗಿ ಇದ್ದೋನು, ಅವರನ್ನ ಹತ್ತಿರದಿಂದ ನೋಡಿದ್ದ. ಇನ್ನೊಂದು, ಮೆರವಣಿಗೆಗೆ ಎರಡು ವರ್ಷ ಮುಂಚೆ 168ರಲ್ಲಿ ಪಿಡ್ನಾದಲ್ಲಿ ರೋಮನ್ನರ ಕೈಲಿ ಮ್ಯಾಸಿಡೋನಿಯಾದ ಫಾಲ್ಯಾಂಕ್ಸ್ (ಒತ್ತೊತ್ತಾಗಿ ನಿಂತ ಉದ್ದ ಭರ್ಜಿ ಸಾಲು) ಪುಡಿಪುಡಿ ಆಗಿತ್ತು, ಅದೇ ವರ್ಷ ಈಜಿಪ್ಟಲ್ಲಿ ಪೊಪಿಲಿಯಸ್ ಅನ್ನೋ ರೋಮನ್ ರಾಯಭಾರಿ ಇವನ ಸುತ್ತ ಕೋಲಲ್ಲಿ ಗೆರೆ ಎಳೆದು ಈಜಿಪ್ಟ್ ಬಿಟ್ಟು ಹೋಗ್ತೀಯೋ ಇಲ್ವೋ ಉತ್ತರ ಕೊಟ್ಟು ಆಚೆ ಬಾ ಅಂದಿದ್ದ. ಅಷ್ಟೆಲ್ಲಾ ಆದ್ಮೇಲೆ ಅವರ ಥರ ಒಂದು ಪಡೆ ಕಟ್ಟೋಣ ಅನ್ನಿಸಿದ್ರೆ ಏನ್ ಆಶ್ಚರ್ಯ. ಆದ್ರೆ ಒಂದು ತಮಾಷೆ ಇದೆ, ಪಾಲಿಬಿಯಸ್ ಈ 5,000 ಜನರನ್ನ ಒಂದು ಕಡೆ ಹೇಳಿ ಬೆಳ್ಳಿ ಗುರಾಣಿಯೋರನ್ನ ಆಮೇಲೆ ಮ್ಯಾಸಿಡೋನಿಯನ್ನರ ಜೊತೆ ಬೇರೇನೇ ಹೇಳ್ತಾನೆ. ಗೇಮ್‌ನೋರು ಎರಡನ್ನೂ ಸೇರಿಸಿ ಸಿಲ್ವರ್ ಶೀಲ್ಡ್ ಲೀಜನರಿ ಅಂತ ಒಂದು ಮಸಾಲೆ ದೋಸೆ ಮಾಡಿದಾರೆ. (ಬೆಳ್ಳಿ ಗುರಾಣಿ ದಳದ ಅರ್ಧ ಜನಕ್ಕೇ ರೋಮನ್ ಆಯುಧ ಕೊಟ್ಟಿದ್ದು ಅಂತ ವಾದ ಮಾಡೋರೂ ಇದಾರೆ, ಹಾಗಾಗಿ ಪೂರ್ತಿ ತಪ್ಪು ಅನ್ನಕ್ಕಾಗಲ್ಲ.) ಮೆರವಣಿಗೆಗೆ ಮಾತ್ರ ಮಾಡಿದ ವೇಷಾನೂ ಅಲ್ಲ, ಕ್ರಿ.ಪೂ. 162ರಲ್ಲಿ ಯೆಹೂದಿಗಳ ವಿರುದ್ಧ ಬೇತ್‌ ಜಕರಿಯಾದಲ್ಲಿ ಒಂದೊಂದು ಆನೆ ಸುತ್ತ ಸಾವಿರ ಜನ ಬಳೆ ಅಂಗಿಯೋರು ನಿಂತಿದ್ರು ಅಂತ ಮಕ್ಕಬಿಯರ ಮೊದಲ ಪುಸ್ತಕದಲ್ಲಿದೆ.

ನುಮಿಡಿಯಾದ್ದೂ ಗಟ್ಟಿ. ಕ್ರಿ.ಪೂ. 213ರ ಹೊತ್ತಿಗೆ ಸಿಫ್ಯಾಕ್ಸ್ ಅನ್ನೋ ನುಮಿಡಿಯಾದ ರಾಜ ರೋಮನ್ನರಿಗೆ ನಮ್ಮೋರಿಗೆ ಕುದುರೆ ಮೇಲೆ ಬಿಟ್ರೆ ನೆಲದ ಮೇಲೆ ಯುದ್ಧ ಬರಲ್ಲ, ಒಬ್ಬ ಮೇಷ್ಟ್ರನ್ನ ಕೊಡಿ ಅಂದ. ಬಂದಿದ್ದ ಮೂರು ಜನ ಸೆಂಚುರಿಯನ್‌ಗಳಲ್ಲಿ (ರೋಮನ್ ದಳದ ಅಧಿಕಾರಿಗಳು) ಸ್ಟಾಟೋರಿಯಸ್ ಅನ್ನೋನು ಅಲ್ಲೇ ಉಳ್ಕೊಂಡು ಬಾವುಟ ಹಿಂಬಾಲಿಸೋದು, ಸಾಲು ಬಿಡದಿರೋದು ಎಲ್ಲಾ ಕಲಿಸ್ದ. ಆಮೇಲೆ ಅಲ್ಲಿನ ಇನ್ನೊಬ್ಬ ರಾಜ ಜುಗುರ್ಥ, ಅವನು ಸ್ಪೇನಿನ ನುಮಾಂಟಿಯಾದಲ್ಲಿ ರೋಮನ್ನರ ಪರವಾಗೇ ಹೋರಾಡಿ ಒಳಗಿಂದ ಎಲ್ಲಾ ನೋಡ್ಕೊಂಡು ಬಂದೋನು. ಸೀಸರ್ ಆಫ್ರಿಕಾಕ್ಕೆ ಇಳಿಯೋ ಹೊತ್ತಿಗೆ, ಅಂದ್ರೆ ಕ್ರಿ.ಪೂ. 46, ರಾಜ ಜುಬಾನ ಹತ್ರ ನಾಲ್ಕು ಲೀಜನ್ ಇದೆ ಅಂತ ಸುದ್ದಿ.

ಆರ್ಮೇನಿಯಾ ಇದಾರಲ್ಲ, ಅವರದ್ದೇ ಸ್ವಲ್ಪ ತೆಳು. ಅವರ ರಾಜ ಟಿಗ್ರಾನೆಸ್‌ನ ಕಾಲಾಳುಗಳಲ್ಲಿ ಕೆಲವರು ಕೋಹಾರ್ಟ್ ಥರ, ಕೆಲವರು ಫಾಲ್ಯಾಂಕ್ಸ್ ಥರ ನಿಂತಿದ್ರು ಅಂತ ಗ್ರೀಕ್ ಲೇಖಕ ಪ್ಲುಟಾರ್ಕ್ ಒಂದು ಮಾತು ಹೇಳ್ತಾನೆ, ಆ ಒಂದು ಎಳೆ ಹಿಡ್ಕೊಂಡು ಇಡೀ ಸೀರೆ ನೇಯ್ದಿದಾರೆ.

ಈಗ ನನ್ ಹೊಟ್ಟೆಉರಿಗೆ ಬರ್ತೀನಿ. ಪಾಂಟಸ್‌ಗೆ (ಕಪ್ಪು ಸಮುದ್ರದ ದಡದ ರಾಜ್ಯ) ಇಂಥ ಲೀಜನ್ ಯಾಕಿಲ್ಲ? ಅಲ್ಲಿನ ರಾಜ ಆರನೇ ಮಿಥ್ರಿಡೇಟಿಸ್ ಬಂಗಾರದ ಕೆತ್ತನೆ ಆಯುಧ ಎಲ್ಲಾ ಪಕ್ಕಕ್ಕಿಟ್ಟು ರೋಮನ್ ಥರ ಕತ್ತಿ, ಭಾರದ ಗುರಾಣಿ ಮಾಡಿಸಿ 1,20,000 ಕಾಲಾಳಿಗೆ ರೋಮನ್ ಕವಾಯತು ಕಲಿಸ್ದ ಅಂತ ಅದೇ ಪ್ಲುಟಾರ್ಕ್ ಬರೆದಿದಾನೆ, ಸಂಖ್ಯೆ ಉಬ್ಬಿಸಿರಬಹುದು ಬಿಡಿ. ರೋಮ್ ವಿರುದ್ಧ ದಂಗೆ ಎದ್ದಿದ್ದ ಸರ್ಟೋರಿಯಸ್ ಸ್ಪೇನಿನಿಂದ ಒಬ್ಬ ರೋಮನ್ ಸೇನಾಪತಿಯನ್ನೇ ಕಳಿಸ್ಕೊಟ್ಟಿದ್ದ ಅವನಿಗೆ. ಅಂಥಾ ಪಾಂಟಸ್‌ಗೆ ಗೇಮ್‌ನಲ್ಲಿ ಬ್ರಾಂಜ್ ಶೀಲ್ಡ್ ಪೈಕು, ರಥ, ಕುದುರೆ ಕೊಟ್ಟು ಕತ್ತಿ ಹಿಡ್ದ ಕಾಲಾಳು ಒಂದೂ ಗಟ್ಟಿಯಾಗಿ ಕೊಟ್ಟಿಲ್ಲ.

ಬೂತಾಯಿಫ್ರೈ:
ರಾತ್ರಿಪಾಳಿ ಅವರೇ ನಿಮ್ಮ ಕಂಪನಿಯವರು ನಿಮಗೆ ಸಂಬಳ ಕೊಡುದು ಇದಕ್ಕಾ 😂 ಆದ್ರೆ ಪಾಂಟಸ್ ಮಾತು ನೂರಕ್ಕೆ ನೂರು ಸತ್ಯ. ನಾನು ಪಾಂಟಸ್ ಆಡಿದ್ದೇನೆ, ಆಗ ರೀಮಾಸ್ಟರ್ಡ್ ಎಲ್ಲಿ ಇತ್ತು, ಡೆಸ್ಕ್ರ್ ಸ್ಟ್ರ್ಯಾಟ್ ಅನ್ನುವ ಟೆಕ್ಸ್ಟ್ ಫೈಲ್ ಓಪನ್ ಮಾಡಿ ನಾನ್‌ಪ್ಲೇಯಬಲ್ (ಆಡ್ಲಿಕ್ಕೆ ಬಿಡದ) ಪಟ್ಟಿಯಿಂದ ಹೆಸರು ಕಟ್ ಮಾಡಿ ಮೇಲಿನ ಪಟ್ಟಿಗೆ ಪೇಸ್ಟ್ ಮಾಡುದು. ಮೊದಲ ಸಲ ಒಂದು ಸಾಲು ಹೆಚ್ಚುಕಮ್ಮಿ ಆಗಿ ಗೇಮೇ ತೆರೀಲಿಲ್ಲ, ಅಣ್ಣ ಬೈದು ಬೈದು ರೀಇನ್‌ಸ್ಟಾಲ್ ಮಾಡಿದ. ಅಷ್ಟು ಕಷ್ಟಪಟ್ಟು ಆಡಿದ್ರೆ ರೋಮನ್ನರು ಬಂದಾಗ ಪೈಕಿನ ಪಕ್ಕಕ್ಕೆ ನಿಲ್ಲಿಸ್ಲಿಕ್ಕೆ ಒಬ್ಬ ಇಲ್ಲ. ಆರ್ಮೇನಿಯಾ, ನುಮಿಡಿಯಾ ಕೂಡ ಹಾಗೇ ಫೈಲ್ ತಿದ್ದಿಯೇ ಆಡ್ಬೇಕಿತ್ತು ಅಲ್ವಾ ಒರಿಜಿನಲ್‌ನಲ್ಲಿ. ಕಂಪ್ಯೂಟರಿಗೆ ಮಾತ್ರ ಅಂತ ಇಟ್ಟ ಯೂನಿಟ್ಟಿಗೆ ಯಾರು ತಲೆ ಕೆಡಿಸ್ಕೊಳ್ತಾರೆ.

ಕಡಕ್‌ರೊಟ್ಟಿ:
ಒಂದು ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಕಲಿ ನಕಲಿ ಅಂತ ಎಲ್ಲಾರೂ ಹೊಡಕೊಳ್ಳಾಕತ್ತೀರಲ್ಲ, ಅಸಲಿ ಯಾರ್ರಿ? ಆ ಬಳೀ ಅಂಗಿ ಕೆಲ್ಟ್ ಮಂದೀದು. ರೋಮನ್ ಕತ್ತೀಗೆ ಗ್ಲಾಡಿಯಸ್ ಹಿಸ್ಪಾನಿಯೆನ್ಸಿಸ್ ಅಂತಾರ, ಹೆಸರಿನ್ಯಾಗ ಸ್ಪೇನ್ ಐತಿ. ಮಾಂಟೆಫೋರ್ಟಿನೊ ಶಿರಸ್ತ್ರಾಣಾನೂ ಗಾಲ್ ಮಂದಿ ಕಡಿಂದ ಬಂದದ್ದು. ರೋಮನ್ನರು ಊರೂರಿಂದ ಎತ್ತಿಕೊಂಡು ಬಂದು ಹಾಕ್ಕೊಂಡ್ರ ಲೀಜನರಿ, ಬ್ಯಾರೇದಾಂವ ಹಾಕ್ಕೊಂಡ್ರ ನಕಲಿ?

ರಾತ್ರಿಪಾಳಿ:
ಇದಕ್ಕೆ ಸಿಟ್ಟಾಗೋದೇನು, ನಿಜಾನೇ. ಈಜಿಪ್ಟಿನ ಫಯೂಮ್‌ನಲ್ಲಿ 1900ರಲ್ಲಿ ಒಂದು ಮರದ ಗುರಾಣಿ ಸಿಕ್ತು, ತೆಳು ಬರ್ಚ್ ಪಟ್ಟಿಗಳನ್ನ ಮೂರು ಪದರ ಅಡ್ಡಡ್ಡ ಅಂಟಿಸಿ ನಮ್ ಪ್ಲೈವುಡ್ ಥರ ಮಾಡಿರೋದು, ಸುಮಾರು 128 ಸೆಂಟಿಮೀಟರ್ ಎತ್ತರ, 63 ಅಗಲ. ಅದು ರೋಮನ್ನನದೋ ಗಾಲ್ ಕೂಲಿ ಸೈನಿಕನದೋ ಅಂತ ಪಂಡಿತರೇ ಜಗಳ ಆಡಿದಾರೆ. ಕೈಯಲ್ಲಿ ಹಿಡ್ಕೊಂಡು ನೋಡಿದ್ರೂ ಗೊತ್ತಾಗಲ್ಲ ಅಂದ್ರೆ ಅಸಲಿ ಸಾಮಾನು ಅಂತ ಏನಿದೆ.

ಕ್ಯಾನೆ ಯುದ್ಧದಲ್ಲೂ ಅದೇ, ಕ್ರಿ.ಪೂ. 216ರಲ್ಲಿ ಕಾರ್ತೇಜಿನ ಹನಿಬಾಲನ ಆಫ್ರಿಕನ್ ಕಾಲಾಳುಗಳು ಹಿಂದಿನ ಯುದ್ಧಗಳಲ್ಲಿ ಲೂಟಿ ಹೊಡೆದ ರೋಮನ್ ಆಯುಧಾನೇ ಹಾಕ್ಕೊಂಡಿದ್ರು, ನೋಡಿದ್ರೆ ರೋಮನ್ನರೇ ಅನ್ಬೇಕು ಅಂತ ರೋಮನ್ ಇತಿಹಾಸಕಾರ ಲಿವಿ ಹೇಳ್ತಾನೆ. ಆ ವೇಷದೋರು ಆ ದಿನ ಅಸಲಿಗಳನ್ನ ಎರಡೂ ಕಡೆಯಿಂದ ಅಮುಕಿದ್ರಲ್ಲ.

ಮರದಕತ್ತಿ:
ಹಾಗಾದ್ರೆ ಸಾಮಾನು ಒಂದೇ ಆದ್ರೂ ನನ್ ಟೆಸ್ಟಲ್ಲಿ ಒಬ್ಬ ನಿಲ್ತಾನೆ ಒಬ್ಬ ಓಡ್ತಾನೆ, ಯಾಕೆ? ಯೂನಿಟ್ ಫೈಲ್ ತೆಗೆದು ನೋಡ್ದೆ. ಅಟ್ಯಾಕು, ಕವಚ, ಗುರಾಣಿ ಎಲ್ಲಾ ಯೂನಿಟ್ ಕಾರ್ಡಲ್ಲೇ ಕಾಣುತ್ತೆ ಸರಿ, ಆದ್ರೆ ಸ್ಟ್ಯಾಟ್ ಮೆಂಟಲ್ ಅಂತ ಒಂದು ಸಾಲಿದೆ, ಮೊರಾಲ್ (ಧೈರ್ಯ) ಎಷ್ಟು, ಶಿಸ್ತು ಹೇಗೆ, ತರಬೇತಿ ಹೇಗೆ ಅಂತ ಮೂರು ವಿಷ್ಯ, ಇದು ಕಾರ್ಡಲ್ಲಿ ಸರಿಯಾಗಿ ಗೊತ್ತಾಗಲ್ಲ. ಸ್ಟ್ಯಾಟ್ ಹೀಟ್ ಅಂತ ಇನ್ನೊಂದಿದೆ, ಮರಳುಗಾಡಲ್ಲಿ ಎಷ್ಟು ಬೇಗ ಸುಸ್ತಾಗ್ತಾರೆ ಅನ್ನೋದಕ್ಕೆ. ನಾನು ಹಸಿರು ಬಯಲಲ್ಲಿ ಟೆಸ್ಟ್ ಮಾಡಿ ನುಮಿಡಿಯಾದೋರನ್ನ ಪಾಪ ಅಂದ್ಬಿಟ್ಟೆ, ಮರಳಲ್ಲಿ ಇನ್ನೊಂದ್ಸಲ ನೋಡ್ಬೇಕು.

ರಾತ್ರಿಪಾಳಿ:
ಆ ಸ್ಟ್ಯಾಟ್ ಮೆಂಟಲ್ ಸಾಲೇ ಎಲ್ಲಾದಕ್ಕೂ ಉತ್ತರ. ನಿಜವಾದ ಇತಿಹಾಸದಲ್ಲಿ ಇದೇ ಟೆಸ್ಟು ಒಂದ್ಸಲ ನಡೆದಿದೆ. ಗಲಾಷಿಯಾದ (ಈಗಿನ ಟರ್ಕಿಯ ಮಧ್ಯಭಾಗ) ರಾಜ ಡೆಯೊಟಾರಸ್ ಗೊತ್ತಾ? ಗೇಮಲ್ಲಿ ಅವನು ಇಲ್ಲ, ಆದ್ರೆ ನಕಲಿ ಲೀಜನ್ ಅಂದ್ರೆ ಮೊದಲು ಹೇಳ್ಬೇಕಾದ ಹೆಸರು ಅವನದ್ದೇ. ಕ್ರಿ.ಪೂ. 50ರಲ್ಲಿ ರೋಮನ್ ರಾಜಕಾರಣಿ ಸಿಸೆರೋ ಗೆಳೆಯನಿಗೆ ಪತ್ರ ಬರೀತಾನೆ, ಡೆಯೊಟಾರಸ್ ಹತ್ರ ತಲಾ 400 ಜನರ 30 ಕೋಹಾರ್ಟ್ ಇದೆ, ಎಲ್ಲಾ ನಮ್ಮದೇ ಆಯುಧ, ಜೊತೆಗೆ 2,000 ಕುದುರೆ ಅಂತ. ಲೆಕ್ಕ ಹಾಕಿ, 12,000 ಜನ.

ಎರಡು ವರ್ಷ ಆದ್ಮೇಲೆ 48ರಲ್ಲಿ ಮಿಥ್ರಿಡೇಟಿಸ್ ಮಗ ಫಾರ್ನಸಿಸ್ ಎದ್ದ. ಸೀಸರ್ ಕಡೆಯ ಡೊಮಿಷಿಯಸ್ ಕಾಲ್ವಿನಸ್ ನಿಕೊಪೊಲಿಸ್ ಹತ್ರ ಎದುರಾದ. ಬಲಗಡೆ ಅಸಲಿ 36ನೇ ಲೀಜನ್, ಮಧ್ಯ ಡೆಯೊಟಾರಸ್‌ನ ಎರಡು ಲೀಜನ್, ಎಡಗಡೆ ಅವಸರದಲ್ಲಿ ಪಾಂಟಸ್ ಜನರನ್ನ ಸೇರಿಸಿ ಮಾಡಿದ ಲೀಜನ್. ಒಂದೇ ಬಯಲು, ಒಂದೇ ಶತ್ರು, ಒಂದೇ ಥರದ ಆಯುಧ. 36ನೇದು ನುಗ್ಗಿ ಎದುರಿನೋರನ್ನ ಹಿಮ್ಮೆಟ್ಟಿಸ್ತು. ಪಾಂಟಸ್‌ನೋರು ಹಳ್ಳ ದಾಟಿ ಸುತ್ತು ಹಾಕೋಕೆ ಹೋಗಿ ಅಲ್ಲೇ ಸಿಕ್ಕಿ ಹಾಕ್ಕೊಂಡ್ರು. ಡೆಯೊಟಾರಸ್‌ನೋರು ಮೊದಲನೇ ಹೊಡೆತಾನೇ ಕಷ್ಟಪಟ್ಟು ತಡ್ಕೊಂಡಿದ್ದು. ಎರಡೂ ಕಡೆ ಖಾಲಿ ಆದ್ಮೇಲೆ 36ನೇದು ಒಬ್ಬಂಟಿ, ಸುತ್ತ ಶತ್ರು, ಆದ್ರೂ ಗುಂಡಗೆ ಕಟ್ಕೊಂಡು ಗುಡ್ಡದ ಬುಡಕ್ಕೆ ಸರಿದು ಉಳ್ಕೊಂಡ್ರು, ಸತ್ತಿದ್ದು 250ಕ್ಕಿಂತ ಹೆಚ್ಚಿಲ್ಲ ಅಂತ ಇದೆ.

ಗುರಾಣಿ ಕತ್ತಿ ಕಮ್ಮಾರ ಮಾಡಿ ಕೊಡ್ತಾನೆ ಕಣ್ರಿ. ಪಕ್ಕದ ಲೀಜನ್ ಓಡ್ತಿರೋದು ಕಣ್ಣಿಗೆ ಕಂಡ್ರೂ ಲೇ ನೀವು ಇಲ್ಲೇ ನಿಲ್ಲಿ ಅಂತ ಗದರೋ ಇಪ್ಪತ್ತು ವರ್ಷ ಸರ್ವಿಸ್ ಆದ ಸೆಂಚುರಿಯನ್ನನ್ನ ಯಾವ ಕಮ್ಮಾರ ಮಾಡ್ತಾನೆ.

ಕಡಕ್‌ರೊಟ್ಟಿ:
ಆಹಾ. ಇದ ನೋಡ್ರಿ ಮಾತು. ನಮ್ಮ ಹೈದರಲಿ ಟಿಪ್ಪು ಫ್ರೆಂಚ್ ಮಂದೀನ ಇಟಕೊಂಡು ಕವಾಯತು ಕಲಿಸಿದ್ರಲ್ಲ, ಅಲ್ಲೂ ಬಂದೂಕಕ್ಕಿಂತ ಕಲಿಸಾಂವಗ ಬೆಲೆ.

ಬೂತಾಯಿಫ್ರೈ:
ಆ ಕಡೆ ಹೋಗುದು ಬೇಡ, ಇನ್ನೂರು ಕಮೆಂಟ್ ಆಗ್ತದೆ, ಅಡ್ಮಿನ್ ಬಂದು ಬೀಗ ಹಾಕ್ತಾರೆ. ಡೆಯೊಟಾರಸ್‌ನವರು ಮತ್ತೆ ಎಂತ ಆದ್ರು, ಅದು ಹೇಳಿ.

ರಾತ್ರಿಪಾಳಿ:
ಅದೇ ಮಜಾ. ಉಳಿದೋರನ್ನ ಸೇರಿಸಿ ಎರಡರ ಬದಲು ಒಂದು ಲೀಜನ್ ಮಾಡಿ ಮುಂದಿನ ವರ್ಷ 47ರಲ್ಲಿ ಸೀಸರ್ ಜೊತೆ ಜೆಲಾಕ್ಕೆ ಹೋದ್ರು. ಅದೇ ಫಾರ್ನಸಿಸ್, ಈ ಸಲ ಸೋತ, ಬಂದೆ ನೋಡಿದೆ ಗೆದ್ದೆ ಅನ್ನೋ ಮಾತು ಅಲ್ಲೀದೇ. ಆಮೇಲೆ ಕ್ರಿ.ಪೂ. 25ರಲ್ಲಿ ಗಲಾಷಿಯಾನೇ ರೋಮ್ ಒಳಗೆ ಹೋಯ್ತು, ಈ ಪಡೆ ಇಪ್ಪತ್ತೆರಡನೇ ಲೀಜನ್ ಆಯ್ತು, ಹೆಸರು ಡೆಯೊಟರಿಯಾನ, ಅಲೆಕ್ಸಾಂಡ್ರಿಯಾ ಪಕ್ಕದಲ್ಲಿ ಠಾಣೆ. ನೂರು ವರ್ಷಕ್ಕೂ ಹೆಚ್ಚು ಸರ್ಕಾರಿ ಕೆಲಸ. ನಕಲಿ ಅಂತ ಶುರುವಾಗಿ ಪರ್ಮನೆಂಟ್ ಆದೋರು ಅಂದ್ರೆ ಇವರೇ.

ಹೊಸಬ92:
ಸರ್ ಇದನ್ನ ಗೇಮಲ್ಲಿ ಮಾಡ್ಬೋದಾ? ನಿಕೊಪೊಲಿಸ್?

ಮರದಕತ್ತಿ:
ಮಾಡ್ದೆ ಗುರೂ, ಈಗಷ್ಟೇ ಎದ್ದೆ ಕುರ್ಚಿಯಿಂದ. ಗಲಾಷಿಯಾ ಇಲ್ವಲ್ಲ, ಕಸ್ಟಮ್ ಬ್ಯಾಟಲಲ್ಲಿ ನಾನು ರೋಮನ್ನು, ನನ್ ಜೊತೆ ಮಿತ್ರರಾಗಿ ಆರ್ಮೇನಿಯಾ ಮತ್ತೆ ನುಮಿಡಿಯಾ, ಎದುರಿಗೆ ಪಾಂಟಸ್. ಬಲಗಡೆ ನನ್ ಕೋಹಾರ್ಟ್‌ಗಳು 36ನೇದು ಅಂತ ಅನ್ಕೊಂಡೆ, ಡೆಯೊಟಾರಸ್ ಬದಲು ಆರ್ಮೇನಿಯನ್ ಲೀಜನರಿ, ಆ ಅವಸರದ ಪಾಂಟಸ್ ಲೀಜನ್ ಬದಲು ನುಮಿಡಿಯನ್. ಮಿತ್ರರನ್ನ ಕಂಪ್ಯೂಟರೇ ಆಡಿಸುತ್ತೆ, ನಮ್ ಮಾತು ಕೇಳಲ್ಲ, ಅದೇ ಸರಿ ಇತ್ತು ಒಂಥರಾ.

ಶುರುವಾದ ತಕ್ಷಣ ನುಮಿಡಿಯಾದೋರು ಯಾರ್ ಹೇಳಿದ್ರೋ ಏನೋ ಸಾಲು ಬಿಟ್ಟು ಎಡಕ್ಕೆ ಓಡಿದ್ರು, ರಥ ಬಂದು ಗುಡಿಸಿ ಹಾಕ್ತು. ಆರ್ಮೇನಿಯಾದೋರು ಪೈಲಮ್ ಚೆನ್ನಾಗೇ ಎಸೆದ್ರು, ಪಾಂಟಸ್‌ನ ಪೀಚಲು ಈಸ್ಟರ್ನ್ ಇನ್‌ಫಂಟ್ರಿಯನ್ನ ಹೆಚ್ಚಾಗೇ ಹೆಚ್ಚಿದ್ರು, ಆದ್ರೆ ಬ್ರಾಂಜ್ ಶೀಲ್ಡ್ ಪೈಕ್ ಎದುರಿಂದ ಬಂದು ಪಕ್ಕದಿಂದ ಕಪ್ಪಡೋಷಿಯನ್ ಕ್ಯಾವಲ್ರಿ ತಾಗಿದ್ದೇ ತಡ, ಒಂದು ಯೂನಿಟ್ಟಿನ ಬಾವುಟ ಬೆಳ್ಳಗಾಯ್ತು, ಅದನ್ನ ನೋಡಿ ಪಕ್ಕದ್ದು, ಅದನ್ನ ನೋಡಿ ಅದರ ಪಕ್ಕದ್ದು. ನಾನು ಗುಂಡಗೆ ಕಟ್ಕೊಂಡು ಗುಡ್ಡಕ್ಕೆ ಹೋಗೋಣ ಅಂದ್ರೆ ಬಯಲು ಮ್ಯಾಪ್ ಆರಿಸಿದ್ದೆ, ಗುಡ್ಡಾನೇ ಇಲ್ಲ.

ಕಡಕ್‌ರೊಟ್ಟಿ:
ಹಿಂಗಾದ್ರ ನಿಮ್ಮ ಕೋಹಾರ್ಟ್ ಗತಿ?

ಮರದಕತ್ತಿ:
ಎರಡು ಯೂನಿಟ್ಟು ಉಳೀತು. ಮ್ಯಾಪಿನ ಮೂಲೆಗೆ ಬೆನ್ನು ಕೊಟ್ಟು ನಿಂತಿದ್ವು, ಅಷ್ಟರಲ್ಲಿ ಅಮ್ಮ ಬಂದು ಕರೆಂಟ್ ಬಿಲ್ ವಿಷ್ಯ ಎತ್ತಿದ್ರು, ಎಸ್ಕೇಪ್ ಒತ್ತಿಬಿಟ್ಟೆ. ನಾಳೆ ಗುಡ್ಡ ಇರೋ ಮ್ಯಾಪಲ್ಲಿ ಮತ್ತೆ ಮಾಡ್ತೀನಿ, ಈ ಸಲ ಮಧ್ಯದಲ್ಲಿ ಸಿಲ್ವರ್ ಶೀಲ್ಡ್ ಇಟ್ಟು.

ಬೂತಾಯಿಫ್ರೈ:
ಆರ್ಮೇನಿಯಾದವರನ್ನೇ ಇಡಿ ಮಾರಾಯ್ರೆ, ಹಿಂದೆ ಕ್ಯಾಟಫ್ರಾಕ್ಟ್ ಕೊಟ್ಟು. ಕಡಕ್‌ರೊಟ್ಟಿಯವರು ಹೇಳಿದ ನಾಲ್ಕು ನಿಮಿಷ ನಿಲ್ತಾರಾ ಇಲ್ವಾ ಗಡಿಯಾರ ಇಟ್ಟು ನೋಡಿ ಹೇಳಿ.